ನೀಲಿ ಗೆರೆ ಇಲ್ಲದ ನಕಾಶೆ

ಮೊಣಕಾಲಿನವರೆಗೆ ಎರೆಮಣ್ಣು, ಕಂಕುಳಲ್ಲಿ ಒಂದು ಜೊತೆ ಚಪ್ಪಲಿ, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಮಳೆ ಬಂದರೆ ಜನ ಸೂರು ಹುಡುಕುತ್ತಾರೆ; ನಮ್ಮ ಓವರ್ಸಿಯರ್ ಸಾಹೇಬರು ಹೊಲ ಹುಡುಕಿಕೊಂಡು ಹೋಗುತ್ತಿದ್ದರು. ಯಾವ ಹೊಲದಲ್ಲಿ ಪ್ಲಾಟು ಹಾಕಿ ಮನೆ ಕಟ್ಟಲು ಅರ್ಜಿ ಬಂದಿದೆಯೋ ಆ ಹೊಲದ ಮೇಲ್ತುದಿಯಿಂದ ನೀರಿನ ಜೊತೆಗೇ ಇಳಿಯುತ್ತ, ಅದು ತಿರುಗಿದಲ್ಲಿ ತಾವೂ ತಿರುಗುತ್ತ ಗೂಟ ಹೊಡೆಯುತ್ತಿದ್ದರು. ಮರುದಿನ ಕಚೇರಿಯಲ್ಲಿ ಆ ಗೂಟಗಳು ನೀಲಿ ಪೆನ್ಸಿಲಿನ ಗೆರೆಯಾಗಿ ನಕಾಶೆಗೆ ಇಳಿಯುತ್ತಿದ್ದವು. ಆ ಗೆರೆಯ ಮೇಲೆ ಯಾರೂ ಗೋಡೆ ಎಬ್ಬಿಸುವಂತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಗದಗ-ಬೆಟಗೇರಿಯ ಸುತ್ತ ಹತ್ತಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಪ್ಲಾಟುಗಳಾಗುತ್ತಿದ್ದ ಕಾಲ. ನಾನು ಸಾಹೇಬರ ಕೈಕೆಳಗೆ ನಕಾಶೆ ತೆಗೆಯುತ್ತಿದ್ದೆ. ಅರ್ಜಿದಾರರು ಅವಸರ ಮಾಡಿದರೆ ಅವರದು ಒಂದೇ ಉತ್ತರ: "ಒಂದ್ ಮಳಿ ಆಗ್ಲಿರಿ. ನೀರು ತನ್ನ ಹಾದಿ ತಾನ ತೋರಸ್ತೈತಿ. ಆಮ್ಯಾಲ ಸಹಿ." ಮಳೆ ಕೈಕೊಟ್ಟ ವರ್ಷ ಅರ್ಜಿಗಳೆಲ್ಲ ಧೂಳು ತಿನ್ನುತ್ತ ಕೂತಿರುತ್ತಿದ್ದವು. ಊರವರು ಅವರನ್ನು ಬೈಯುತ್ತಿದ್ದರು. ಒಳಗೊಳಗೆ ನಾನೂ ಬೈದಿದ್ದೇನೆ.

ಇನ್ನೊಂದು ಷರತ್ತೂ ಇತ್ತು. ನೀರಿನ ಹಾದಿಯ ಎರಡೂ ಬದಿಗೆ ಬೇವು ಹಚ್ಚಬೇಕು, ಸಸಿಗಳು ಒಂದು ಬೇಸಿಗೆ ದಾಟಬೇಕು, ಆಮೇಲೆಯೇ ಮನೆ ಕಟ್ಟಲು ಪರವಾನಗಿ. ಮುಂಡರಗಿಯ ಹತ್ತಿರ ಒಮ್ಮೆ ನೋಡಲು ಹೋದಾಗ ಸಸಿಗಳು ಸಾಲಾಗಿ ಹಸಿರಾಗಿ ನಿಂತಿದ್ದವು. ನನಗೆ ಖುಷಿಯಾಯಿತು. ಸಾಹೇಬರು ಮಾತ್ರ ಬಗ್ಗಿ ಮೊದಲನೆಯದನ್ನು ಜಗ್ಗಿದರು. ಹಾಗೇ ಕೈಗೆ ಬಂತು. ಬೇರುಗಳೇ ಇರಲಿಲ್ಲ, ಹಿಂದಿನ ದಿನ ಬೇವಿನ ಟೊಂಗೆ ಮುರಿದು ಕೆಸರಿಗೆ ಚುಚ್ಚಿದ್ದರು. ಸಾಹೇಬರು ಅಷ್ಟನ್ನೂ ಕಿತ್ತು, ಹೊರೆ ಕಟ್ಟಿ, ಹೊಲದ ಮಾಲೀಕನ ಕೈಗಿಟ್ಟರು. "ತಗೋರಿ ಯಜಮಾನ್ರ, ವರ್ಷಗಟ್ಲೆ ಹಲ್ಲು ತಿಕ್ಕಾಕ ಆತು."

ನಿವೃತ್ತಿಗೆ ಒಂದು ವರ್ಷ ಇರುವಾಗ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಹೊಲದಲ್ಲಿ ಅವರ ಕಾಲುಗಳಿಗೆ ಕಣ್ಣೇನೂ ಬೇಕಿರಲಿಲ್ಲ, ನೀರು ಎತ್ತ ಎಳೆಯುತ್ತದೆಂದು ಪಾದಕ್ಕೇ ತಿಳಿಯುತ್ತಿತ್ತು. ಆದರೆ ನೀಲಿ ಪೆನ್ಸಿಲು ನನ್ನ ಕೈಗೆ ಬಂತು. ತೆಗೆದದ್ದನ್ನು ಓದಿ ಹೇಳಲು ಹೋದರೆ ಕೇಳುತ್ತಿರಲಿಲ್ಲ. "ನೀ ತೆಗದೀ ಅಂದಮ್ಯಾಲ ನಾ ಏನ್ ನೋಡೂದೈತೋ ತಮ್ಮಾ" ಎಂದು, ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಿದ್ದರು.

ಇದು ಅಡತಿ ವ್ಯಾಪಾರಿಯೊಬ್ಬರ ಕಿವಿಗೆ ಬಿತ್ತು. ಅವರ ಹೊಲದ ನಟ್ಟನಡುವೆ ನೀಲಿ ಗೆರೆ ಹಾಯಬೇಕಿತ್ತು. ಅಷ್ಟು ಜಾಗ ಖಾಲಿ ಬಿಟ್ಟರೆ ಎಂಟು ಪ್ಲಾಟು ಕೈತಪ್ಪುತ್ತಿದ್ದವು. "ಗೂಟ ನಾ ಕೀಳಸ್ತೀನಿ. ಗೆರಿ ನೀವು ಎಳೀಬ್ಯಾಡ್ರಿ. ಆ ಎಂಟರಾಗ ಒಂದು ನಿಮ್ಮದು" ಎಂದರು. ಹೆಂಡತಿ, ಎರಡು ಮಕ್ಕಳು, ಬೆಟಗೇರಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಎಂದು ಕಾರಣ ಹೇಳಬಹುದು. ಹೇಳುವುದಿಲ್ಲ. ಆಸೆಯಾಯಿತು, ಅಷ್ಟೆ. ಗೆರೆ ಇಲ್ಲದ ನಕಾಶೆಯ ಮೇಲೆ ಬೆರಳಿಟ್ಟೆ. ಸಾಹೇಬರು ಸಹಿ ಹಾಕಿ, ಪೆನ್ನಿನ ಟೋಪಿ ಹಾಕಿ, "ಆತಲ್ಲ?" ಎಂದರು. "ಆತ್ರಿ" ಎಂದೆ.

ಅಲ್ಲಿ ಮನೆ ಕಟ್ಟಿಸಿದೆ. ಮೂರು ವರ್ಷ ಮಳೆ ಕಡಿಮೆ, ನನ್ನ ಪುಣ್ಯ ಎಂದುಕೊಂಡೆ. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ನೀರು ಹಿತ್ತಲಿನ ಬಾಗಿಲಿನಿಂದ ಬಂದು ಪಡಸಾಲೆಯಲ್ಲಿ ನಿಂತಿತು. ಹೆಂಡತಿ ಜೋಳದ ಚೀಲಗಳನ್ನು ಮಂಚದ ಮೇಲೆ ಏರಿಸುತ್ತಿದ್ದಳು. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಸಾಹೇಬರು. ಅದೇ ಕೊಪ್ಪೆ, ಅದೇ ಚಪ್ಪಲಿ ಕಂಕುಳಲ್ಲಿ. ಪೊರೆ ತೆಗೆಸಿ ದಪ್ಪ ಕನ್ನಡಕ ಹಾಕಿದ್ದರು. ನಿವೃತ್ತರಾದ ಮೇಲೂ ಮಳೆಯಲ್ಲಿ ತಿರುಗುವ ಚಟ ಬಿಟ್ಟಿರಲಿಲ್ಲ.

"ಒಳಗ ಬರ್ರಿ ಸಾಹೇಬ್ರ" ಎಂದೆ.

"ಮ್ಯಾಲಿಂದ ನೀರಿನ ಸಂಗಾಟ ಇಳಕೋಂತ ಬಂದೆ. ಇಲ್ಲಿ ನನ್ನ ಗೂಟ ಇತ್ತು. ಇದು ನಿನ್ನ ಮನಿ ಏನೋ?"

ಹೌದೆಂದೆ. ಅವರು ಕೊಪ್ಪೆ ತೆಗೆದು ಬಾಗಿಲಿಗೆ ಸಿಕ್ಕಿಸಿದರು. ಆಮೇಲೆ ಬಕೆಟ್ಟು ತೆಗೆದುಕೊಂಡು ಮಧ್ಯಾಹ್ನದವರೆಗೆ ನಮ್ಮ ಜೊತೆ ನೀರು ಎತ್ತಿ ಹಾಕಿದರು. ಹೊರಡುವಾಗ "ಮಕ್ಕಳಿಗೆ ಈಸು ಕಲಸು" ಎಂದರು. ನಗಲಿಲ್ಲ.

ನಮ್ಮ ಓಣಿಯವರು ದೂರು ಕೊಟ್ಟರು. ವಿಚಾರಣೆಗೆ ಸಾಹೇಬರನ್ನು ಕರೆಸಿದರು. ಕಡತ ಹಿಡಿದು ನಾನು ಅದೇ ಕೋಣೆಯಲ್ಲಿದ್ದೆ. ನೀರಿನ ಹಾದಿ ಯಾಕೆ ತೋರಿಸಿಲ್ಲ ಎಂದು ಅಧಿಕಾರಿ ಕೇಳಿದಾಗ ಅವರು ನನ್ನ ಕಡೆ ನೋಡಲೇ ಇಲ್ಲ. "ಸಹಿ ನಂದ ಐತ್ರಿ. ನೋಡದ ಮಾಡಿದ್ದು ನನ್ನ ತಪ್ಪು" ಎಂದರು. ನಾನು ಬಾಯಿ ಬಿಟ್ಟಿದ್ದರೆ ನೌಕರಿ ಹೋಗುತ್ತಿತ್ತು, ಮನೆ ಹೋಗುತ್ತಿತ್ತು. ಬಿಡಲಿಲ್ಲ. ಮೆಟ್ಟಿಲಲ್ಲಿ ಹಿಂದಿನಿಂದ "ಸಾಹೇಬ್ರ..." ಎಂದಾಗ ತಿರುಗಿ ನಿಂತರು. "ನಂಬಿದ್ದಕ್ಕ ನನಗ ಶಿಕ್ಷಾ ಆತು. ನಿಂದು ನೀ ನೋಡ್ಕೋ."

ಆ ಚಳಿಗಾಲದಲ್ಲೇ ತೀರಿಕೊಂಡರು. ಲಕ್ಷ್ಮೇಶ್ವರದಲ್ಲಿ ಅವರ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಿದರು. ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಈಗಲೂ ದೊಡ್ಡ ಮಳೆಯಾದರೆ ಓಣಿಯವರು ನಮ್ಮ ಮನೆಯ ಕಟ್ಟೆಗೆ ಬಂದು ಸೇರುತ್ತಾರೆ. "ಆ ಓವರ್ಸಿಯರ್ ತಿಂದು ಸಹಿ ಹಾಕಿ ಹ್ವಾದ. ನಾವು ಅನುಭವಸಾಕತ್ತೇವಿ" ಎನ್ನುತ್ತಾರೆ. "ನೀವು ಅವನ ಕೂಡ ಕೆಲಸ ಮಾಡಿದವ್ರು, ಹೌದಲ್ರಿ?" ಎಂದು ನನ್ನನ್ನೇ ಕೇಳುತ್ತಾರೆ. ನಾನು ಹೌದೆನ್ನುತ್ತೇನೆ. ಒಳಗೆ ಕೂಗಿ ಎಲ್ಲರಿಗೂ ಚಹಾ ತರಿಸುತ್ತೇನೆ.