ಶರಣಬಸಮ್ಮನ ಜರಿಗಿಡ

ಜೇವರ್ಗಿ ಕಡೆಯ ಶರಣಬಸಮ್ಮ, ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಪಂಪು ಕಾರ್ಖಾನೆಯೊಂದನ್ನು ಕಟ್ಟುವಾಗ ಇಟ್ಟಿಗೆ ಹೊತ್ತವಳು. ೧೯೯೩ರಲ್ಲಿ ಕಟ್ಟಡ ಮುಗಿದ ಮೇಲೆ ಕಾರ್ಖಾನೆಯವರು ಅವಳನ್ನೇ ತೋಟಕ್ಕೆ ನೀರು ಹಾಕಲು ಇಟ್ಟುಕೊಂಡರು. ತೋಟವೆಂದರೆ ಗೇಟಿನ ಬಳಿ ನಾಲ್ಕು ಕ್ರೋಟನ್ ಗಿಡ. ಅವಳ ಕಣ್ಣು ಬಿದ್ದದ್ದು ಹಿಂದಿನ ಗೋಡೆಯ ಮೇಲೆ. ಅಲ್ಲಿ ನೀರಿನ ಟಾಕಿ ಸೋರುತ್ತಿತ್ತು, ಬಿಸಿಲು ತಾಗುತ್ತಿರಲಿಲ್ಲ. ಬಾಚಣಿಗೆಯಂಥ ಉದ್ದನೆಯ ಎಲೆಗಳ ಗಿಡವೊಂದು ಇಟ್ಟಿಗೆಯ ಸಂದಿಯಿಂದ ಜೋತಾಡುತ್ತಿತ್ತು. ತನ್ನೂರಿನ ಎರೆಹೊಲದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ.

"ಚೆನ್ನಯಣ್ಣ, ಇದು ಯಾವಾಗ ಹೂವಾ ಬಿಡ್ತದ್ರಿ?" ಎಂದು ಕ್ಯಾಂಟೀನ್ ನಡೆಸುತ್ತಿದ್ದ ಕಾರ್ಕಳದ ಚೆನ್ನಯನನ್ನು ಕೇಳಿದಳು.

"ಜರಿಗಿಡ ಅಕ್ಕಾ ಅದು. ಹೂವೂ ಇಲ್ಲ, ಕಾಯಿಯೂ ಇಲ್ಲ. ನಮ್ಮಲ್ಲಿ ಬಾವಿಯ ಒಳಗೆಲ್ಲ ರಾಶಿ ಉಂಟು."

ಬೇಸಿಗೆಯಲ್ಲಿ ಪ್ಲಂಬರ್ ಬಂದು ಟಾಕಿ ರಿಪೇರಿ ಮಾಡಿದ. ವಾರದೊಳಗೆ ಗಿಡ ಒಣಗತೊಡಗಿತು. ಶರಣಬಸಮ್ಮ ಅದನ್ನು ಬೇರುಸಮೇತ ಬಿಡಿಸಿ, ಬಣ್ಣದ ಖಾಲಿ ಡಬ್ಬಕ್ಕೆ ತೂತು ಹೊಡೆದು, ಇಟ್ಟಿಗೆ ಚೂರು, ತೆಂಗಿನ ನಾರು, ಕೊಳೆತ ಎಲೆ ತುಂಬಿ ನೆಟ್ಟಳು. ನೆರಳಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿದಳು. ಹದಿನೈದು ದಿನಕ್ಕೆ ಸುರುಳಿ ಸುತ್ತಿದ ಚಿಗುರು ತಲೆಯೆತ್ತಿತು.

ಮಳೆಗಾಲದಲ್ಲಿ ಎಲೆಗಳ ಬೆನ್ನಿಗೆ ಕಂದು ಚುಕ್ಕೆಗಳು ಎದ್ದವು. ರೋಗ ಬಂತೆಂದು ಗಾಬರಿಯಾದ ಅವಳು ಸಾಬೂನಿನ ನೀರಲ್ಲಿ ಅವನ್ನು ತಿಕ್ಕುತ್ತ ಕುಳಿತಳು. ಚೆನ್ನಯ ನೋಡಿ ಓಡಿ ಬಂದ.

"ಅಯ್ಯೋ ಅಕ್ಕಾ, ಬಿಡಿ ಬಿಡಿ! ರೋಗ ಅಲ್ಲ ಅದು, ಬೀಜ ಇದ್ದ ಹಾಗೆ. ಆ ಹುಡಿ ಬಿದ್ದಲ್ಲೇ ಮರಿ ಹುಟ್ಟುವುದು."

"ಮೊದಲಽ ಹೇಳಬಾರ್ದೇನ್ರಿ? ಅರ್ಧ ಸಂಸಾರ ತೊಳದ್ಹಾಕೀನಿ!"

ಉಳಿದ ಎಲೆಯ ತುಂಡೊಂದನ್ನು ಬೆನ್ನು ಕೆಳಗಾಗಿ ಒದ್ದೆ ಇಟ್ಟಿಗೆಯ ಮೇಲಿಟ್ಟು, ಕ್ಯಾಂಟೀನಿನ ಗಾಜಿನ ಬರಣಿಯನ್ನು ಬೋರಲು ಹಾಕಿದಳು. ತಿಂಗಳುಗಳು ಕಳೆದವು. ಇಟ್ಟಿಗೆಗೆ ಪಾಚಿ ಕಟ್ಟಿದಂತಾಯಿತೇ ಹೊರತು ಮತ್ತೇನಿಲ್ಲ. ಎಸೆದುಬಿಡೋಣವೆಂದು ಬರಣಿ ಎತ್ತಿದವಳಿಗೆ ಆ ಹಸಿರಿನ ನಡುವೆ ಅಕ್ಕಿಕಾಳಿನಷ್ಟು ಪುಟ್ಟ ಎಲೆಗಳು ಕಂಡವು.

"ಹುಟ್ಯಾವ್ರೀ! ಹುಟ್ಯಾವ!"

ಅವಳ ಕೂಗಿಗೆ ಕೆಲಸಗಾರರು ಲೇತ್ ನಿಲ್ಲಿಸಿ ಬಂದರು. ಚೆನ್ನಯ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ.

ಮೂರು ವರ್ಷದಲ್ಲಿ ಗೋಡೆಯುದ್ದಕ್ಕೂ ಡಬ್ಬಗಳು ತುಂಬಿದವು. ಕಲ್ಯಾಣದ ಹೂವಿನ ಮಾರ್ಕೆಟ್ಟಿನಲ್ಲಿ ಗುಚ್ಛ ಕಟ್ಟುತ್ತಿದ್ದ ಬೀದರಿನ ಸತ್ಯಭಾಮಾ, ಗುಲಾಬಿಯ ಹಿಂದೆ ಇಡಲು ಆ ಎಲೆಗಳನ್ನು ಕೇಳತೊಡಗಿದಳು. ಮ್ಯಾನೇಜರೂ ಒಪ್ಪಿದ. ಶರಣಬಸಮ್ಮ ಸಂಜೆ ವಿಠ್ಠಲವಾಡಿಯ ಮನೆಗೆ ಹೋಗುವಾಗ ಕಲ್ಯಾಣದಲ್ಲಿ ಇಳಿದು ಕಟ್ಟು ಕೊಟ್ಟು ಹೋಗುವಳು.

ಒಂದು ಶ್ರಾವಣದ ಸಂಜೆ, ಕಲ್ಯಾಣ ದಾಟಿ ಕಸಾರಾದವರೆಗೆ ಹೋಗುವ ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ, ಮಲ್ಲಿಗೆ ಮುಡಿದ ಹೆಂಗಸೊಬ್ಬಳು, "ಮಾವಶಿ, ಏಕ್ ಪಾನ್ ದ್ಯಾ ನಾ" ಎಂದು ಎಲೆಗೆ ಕೈಯೊಡ್ಡಿದಳು. ಶರಣಬಸಮ್ಮ ತಾನೇ ಒಂದು ಎಲೆಯ ತುದಿ ಮುರಿದು ಅವಳ ಮಲ್ಲಿಗೆಯ ಪಕ್ಕ ಸಿಕ್ಕಿಸಿದಳು. ಪಕ್ಕದವಳೂ ತನಗೊಂದು ಸಿಕ್ಕಿಸಲೆಂದು ಬೆನ್ನು ತಿರುಗಿಸಿ ನಿಂತಳು. ಆಮೇಲೆ ಎದುರು ಸೀಟಿನವರು, ಬಾಗಿಲ ಬಳಿ ನಿಂತವರು. ಡೊಂಬಿವಿಲಿ ದಾಟುವಾಗ ಯಾರೋ ಹಾಡು ಶುರುಮಾಡಿದರು.

ಕಲ್ಯಾಣದಲ್ಲಿ ಸತ್ಯಭಾಮಾ ಕಟ್ಟು ಕೈಗೆತ್ತಿಕೊಂಡು, "ಇಷ್ಟೇನಾ, ಅಕ್ಕಾ?" ಎಂದಳು.

"ಉಳದದ್ದು ಲೋಕಲ್‌ನಾಗ ಕಸಾರಾ ಕಡಿಗಿ ಹೊಂಟದ," ಎಂದು ಶರಣಬಸಮ್ಮ ಸೆರಗು ಬಾಯಿಗೊತ್ತಿ ನಕ್ಕಳು.