ಸಾಕ್ಷಿಗಾಗಿ ಲಿನಕ್ಸ್ ಕಲಿತ ಸುನಂದಾ ಅಕ್ಕೋರು

ಮುದ್ದೇಬಿಹಾಳದಲ್ಲಿ ವೃತ್ತಿ ಆರಂಭಿಸಿ, ನಿಡಗುಂದಿಯ ನಮ್ಮ ಪ್ರೌಢಶಾಲೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಸುನಂದಾ ಅವರು ಗಣಿತದ ಶಿಕ್ಷಕಿಯಾಗಿ ಈ ಭಾಗದಲ್ಲೆಲ್ಲ ಹೆಸರಾದವರು. ಆದರೆ ಇಂಡಿ, ಸಿಂದಗಿಗಳ ಶಿಕ್ಷಕರು ಇಂದು ಅವರನ್ನು ಹುಡುಕಿಕೊಂಡು ಬರುವುದು ಐವತ್ತು ದಾಟಿದ ಮೇಲೆ ಅವರು ಕಲಿತ ಬೇರೊಂದು ವಿದ್ಯೆಗಾಗಿ. ಸಮಾಜ ವಿಜ್ಞಾನದ ಶಿಕ್ಷಕನಾಗಿ ಆ ಕಲಿಕೆಯನ್ನು ಹತ್ತಿರದಿಂದ ಕಂಡ ಭಾಗ್ಯ ನನ್ನದು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಸಾಕ್ಷಿಗೆ ಕಣ್ಣು ಪೂರ್ತಿ ಮಂಜಾದಾಗ, ತಾಯಿ ರೇಣವ್ವ ಗೊಳಸಂಗಿಯಿಂದ ಬಂದು ಮಗಳನ್ನು ಶಾಲೆ ಬಿಡಿಸಲು ನಿಂತರು.

"ಕಾಣದ ಕೂಸನ್ನ ಸಾಲಿಗಿ ಕಳಿಸಿ ಏನ್ ಮಾಡ್ಲಿರಿ ಅಕ್ಕೋರ?"

"ಮುಂದಿನ ಸೋಮವಾರ ಬರ್ರಿ. ಪಾಠ ಆಕೀನ ಓದ್ಕೊಳ್ಳೂದು ತೋರಸ್ತೇನಿ. ಆಮ್ಯಾಲ ನೀವು ಹೇಳಿದಂಗ."

ಮಾತು ಕೊಟ್ಟದ್ದೇನೋ ಸರಿ, ಆದರೆ ಅಂಕಗಳನ್ನು ತುಂಬುವುದರ ಹೊರತು ಕಂಪ್ಯೂಟರಿನಲ್ಲಿ ಅವರು ಬೇರೇನೂ ಮಾಡಿದವರಲ್ಲ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ ಎಂದಷ್ಟೇ ಒಂದು ತರಬೇತಿಯಲ್ಲಿ ಕೇಳಿದ್ದರು. ಶಾಲೆಯ ಹಳೆಯ ಕಂಪ್ಯೂಟರಿನ ಕಡತಗಳನ್ನು ಪೆನ್ ಡ್ರೈವಿಗೆ ತೆಗೆದಿಟ್ಟುಕೊಂಡು, ಅದರಲ್ಲಿ ಲಿನಕ್ಸ್ ಹಾಕಲು ಕುಳಿತರು. "ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?" ಎಂದು ಯಂತ್ರ ಕೇಳಿದಾಗ ಕೈ ಹಿಂದೆಗೆದರು.

"ಕೆಟ್ರ ಯಾರು ಜವಾಬ್ದಾರಿ, ಮೇಡಂ?" ಎಂದರು ಮುಖ್ಯಗುರುಗಳಾದ ಸಂಜೀವಕುಮಾರ.

"ನಾನರಿ, ಸರ್," ಎಂದವರೇ ಗುಂಡಿ ಒತ್ತಿದರು.

ವಾರವೆಲ್ಲ ತಪ್ಪುತ್ತ, ತಿದ್ದುತ್ತ ಕಲಿತರು. ಶನಿವಾರ ಯಂತ್ರ ಕನ್ನಡ ನುಡಿಯಿತು. ಆ ಸಂತೋಷದಲ್ಲೇ ತಂತ್ರಾಂಶದ ಹೊಸ ಭಾಗಗಳನ್ನು ಸೇರಿಸತೊಡಗಿದಾಗ ನಡುವೆಯೇ ಕರೆಂಟು ಹೋಯಿತು.

ಸೋಮವಾರ ರೇಣವ್ವ, ಸಾಕ್ಷಿ ಬಂದು ಕುಳಿತರು. ಗುಂಡಿ ಒತ್ತಿದರೆ ಚಿತ್ರವಿಲ್ಲ, ದನಿಯಿಲ್ಲ. ಕಪ್ಪು ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಬಿಳಿಯ ಒಂದು ಸಾಲು ಮಾತ್ರ. ಸುನಂದಾ ಅವರು ಅದನ್ನು ಒತ್ತಿದರು. ಪರದೆಯಲ್ಲಿ ಒಂದು ಚುಕ್ಕೆಯೂ ಮೂಡಲಿಲ್ಲ. "ಕೀಲಿಮಣೆಯೂ ಸತ್ತಂಗ ಐತಿ," ಎಂದು ನಾನು ಪಿಸುಗುಟ್ಟಿದೆ.

"ಇಲ್ರಿ ಸರ್, ಇದು ಹಿಂಗ. ಪಾಸ್‌ವರ್ಡ್ ಒತ್ತಿದ್ದು ಇಲ್ಲಿ ತೋರಸೂದಿಲ್ಲ."

ಹಾಗೆಂದು ಅವರು ಎಂಟರ್ ಕೀಲಿ ಒತ್ತಿದರು. ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ಣಗೊಳಿಸುವ ಆಜ್ಞೆಯನ್ನು ಬರೆದರು. ಒಂದಕ್ಷರ ತಪ್ಪಿ ಯಂತ್ರ ನಿರಾಕರಿಸಿತು. ರೇಣವ್ವ ಮಗಳ ಕೈ ಹಿಡಿದು ಎದ್ದರು.

"ನಡಿಯವ್ವ, ಬಸ್ ತಪ್ತೈತಿ."

"ತಡಿ ಯವ್ವಾ, ಅಕ್ಕೋರು ಇನ್ನೂ ಬಿಟ್ಟಿಲ್ಲ," ಎಂದಳು ಸಾಕ್ಷಿ, ಕೀಲಿಗಳ ಸದ್ದಿಗೆ ಕಿವಿಗೊಟ್ಟು.

ಮತ್ತೆ ಬರೆದರು. ಸಾಲುಗಳು ಸರಸರನೆ ಏರಿದವು. ಯಂತ್ರ ಆರಿ, ಮತ್ತೆ ಹೊತ್ತಿತು. ನಾನು ಬೆರಳಚ್ಚಿಸಿಕೊಟ್ಟಿದ್ದ ಪಾಠವನ್ನು ಒರಟು ದನಿಯಲ್ಲಿ ಓದತೊಡಗಿತು. ಸುನಂದಾ ಅವರು ಸಾಕ್ಷಿಯ ಬೆರಳನ್ನು ಕೀಲಿಯ ಮೇಲಿಟ್ಟು ದೂರ ಸರಿದರು. ಆಕೆ ತಾನೇ ನಿಲ್ಲಿಸಿದಳು, ತಾನೇ ಹಿಂದಿನ ಸಾಲಿಗೆ ಹೋದಳು, ಮತ್ತೆ ಕೇಳಿದಳು. ರೇಣವ್ವ ಮೆಲ್ಲಗೆ ಕುಳಿತುಕೊಂಡರು.

"ಓದ್ಲಿ ಬಿಡ್ರಿ. ಮುಂದಿನ ಬಸ್ಸಿಗಿ ಹೊಕ್ಕೇವಿ."

ಸಾಕ್ಷಿ ಈಗ ಬಸವನ ಬಾಗೇವಾಡಿಯಲ್ಲಿ ಬಿ.ಎ. ಓದುತ್ತಿದ್ದಾಳೆ. ಸುನಂದಾ ಅವರಿಗೆ ಆಯುರಾರೋಗ್ಯಗಳು ತುಂಬಿ ಬರಲಿ; ಹೊಸದನ್ನು ಕಲಿಯಲು ಅಂಜಿ ಕುಳಿತವರ ಪಕ್ಕದಲ್ಲಿ ಅವರದೊಂದು ಕುರ್ಚಿ ಇನ್ನೂ ಬಹುಕಾಲ ಇರಲಿ.