ಛಾವಣಿ ಬಯಲಿನ ಚಾಚಾ

ಚಾಚಾ ಬೊಗಸೆಯೊಡ್ಡಿ ನೀರು ಕುಡಿಯುವಾಗ ಬಲಗೈಯ ಎರಡು ಬೆರಳು ಮಡಚದೆ ನೆಟ್ಟಗೆ ನಿಲ್ಲುತ್ತಿದ್ದವು. ಆ ಸಂದಿಯಿಂದ ಅರ್ಧ ನೀರು ಮೊಣಕೈಗೆ ಇಳಿದುಹೋಗುತ್ತಿತ್ತು. ಪ್ರಾಯದಲ್ಲಿ ಚೆಂಡು ಹಿಡಿಯಲು ಹೋಗಿ ಮುರಿದುಕೊಂಡಿದ್ದರಂತೆ.

ಮದುವೆಯಾಗಿ ಗದಗಿನಿಂದ ಲಿಂಗಸುಗೂರಿಗೆ ಬಂದಾಗ ನನಗೆ ಹದಿನೇಳು. ನಿಜಾಮರ ಕಾಲ. ಟಪಾಲು ಕಚೇರಿಯ ಮಾಸ್ತರರಾಗಿದ್ದ ನಮ್ಮವರು ಸೂಟಿಯ ದಿನವೂ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅಕ್ಕಪಕ್ಕದ ನೌಕರರ ಮನೆಗಳಲ್ಲೆಲ್ಲ ಉರ್ದು, ನನಗೆ ಅದು ಬಾರದು. ಇಡೀ ದಿನ ನನ್ನ ದನಿ ನನಗೇ ಕೇಳದೆ ಕಳೆದುಹೋಗುತ್ತಿತ್ತು.

ಮನೆಯ ಹಿಂದೆಯೇ ಛಾವಣಿ ಬಯಲು. ಹಿಂದೆ ಪಲ್ಟಣ ಕವಾಯತು ಮಾಡುತ್ತಿದ್ದ ಜಾಗ. ಪಲ್ಟಣ ಹೋದ ಮೇಲೆ ಅಲ್ಲಿ ಶುಕ್ರವಾರದ ಸೂಟಿಗೆ ಕ್ರಿಕೆಟ್ ಆಡುತ್ತಿದ್ದರು. ಉಳಿದ ಆರು ದಿನ ಬಿಸಿಗಾಳಿ, ಒಂದೆರಡು ಬೇವಿನ ಮರ, ಮೇಯುವ ಆಡು, ಮತ್ತು ಬಯಲು ಕಾಯುವ ಚಾಚಾ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ದಿನಾ ಒಬ್ಬರೇ ಕಲ್ಲಿನ ರೋಲು ಎಳೆದು, ಚೆಂಡು ಪುಟಿಯುವ ಜಾಗಕ್ಕೆ ನಾರಿನ ಚಾಪೆ ಹಾಸಿ, ಗೂಟ ಬಡಿದು, ಸಂಜೆ ಮತ್ತೆ ಸುತ್ತಿಡುವರು. ನೀರು ಕೇಳಲು ಹಿತ್ತಿಲ ಬಾಗಿಲಿಗೆ ಬಂದಾಗ ಒಮ್ಮೆ ಕೇಳಿದೆ, “ಇವತ್ತ ಆಟ ಇಲ್ಲಲ್ರೀ ಚಾಚಾ?”

“ಆಡವ್ರು ಬರ್ಲಿ, ಬಿಡ್ಲಿ. ನೆಲ ತಯಾರ ಇರಬೇಕು ಬೇಟಿ.”

ಪಂದ್ಯದ ದಿನ ತೀರ್ಪು ಕೊಡುವವರೂ ಅವರೇ. ಅಕ್ಷರ ಬಾರದು. ಒಂದು ಓಟಕ್ಕೊಂದು ಹುಣಸೆಬೀಜ ಎಡಗಿಸೆಯಿಂದ ಬಲಗಿಸೆಗೆ ಹಾಕುತ್ತಿದ್ದರು. ಕಿಸೆ ಹರಿದಿತ್ತು, ಲೆಕ್ಕ ತಪ್ಪುತ್ತಿತ್ತು. ನಾನೋ ಹೊತ್ತು ಹೋಗದೆ ಕಿಟಕಿಯಲ್ಲಿ ಕೂತು ಪಾಟಿಯ ಮೇಲೆ ಓಟಕ್ಕೊಂದು ಗೀಟು ಎಳೆಯುತ್ತಿದ್ದೆ. ಒಂದು ಸಂಜೆ ಅವರು ಬೀಜ ಎಣಿಸುತ್ತ ಗೊಣಗುತ್ತಿದ್ದಾಗ ಬಾಗಿಲ ಮರೆಯಿಂದ, “ಅರವತ್ನಾಕ ಆಗ್ಯಾವ್ರಿ” ಎಂದೆ. ಪಾಟಿ ತೋರಿಸಿದೆ.

ಅವರು ಬಹಳ ಹೊತ್ತು ಗೀಟುಗಳನ್ನು ನೋಡಿದರು. “ಇಷ್ಟ ದಿನ ನಾ ಒಬ್ಬನ ನೋಡಾಕತ್ತೀನಿ ಅಂತ ತಿಳ್ಕೊಂಡಿದ್ನೆವ್ವಾ” ಎಂದರು.

ಅಂದಿನಿಂದ ನಾಲ್ಕು ಓಟಕ್ಕೆ ಕೈ ಬೀಸಿದಾಗ ನನ್ನ ಕಿಟಕಿಯತ್ತ ತಿರುಗಿ ನಿಲ್ಲುವರು. ಬರೆದುಕೊಂಡೆ ಎನ್ನಲು ನಾನು ಒಂದು ಕದ ಮುಚ್ಚಿ ತೆರೆದ ಮೇಲೆಯೇ ಆಟ ಮುಂದೆ ಸಾಗುವುದು. ಆ ಊರಿನಲ್ಲಿ ನನ್ನ ಉತ್ತರಕ್ಕಾಗಿ ಯಾರಾದರೂ ಕಾದದ್ದು ಅಷ್ಟೇ.

ಆ ವರ್ಷ ಮಸ್ಕಿಯವರಿಗೂ ಇಲ್ಲಿನ ನೌಕರರಿಗೂ ಪಂದ್ಯವಾಯಿತು. ನೌಕರರ ನಾಯಕರು ದೊಡ್ಡ ಅಧಿಕಾರಿ; ಸಾಹೇಬರು ಎಂದರೆ ಊರೇ ಎದ್ದು ನಿಲ್ಲುತ್ತಿತ್ತು. ಕೊನೆಗೆ ಅವರ ಗುಮಾಸ್ತ ಒಂದು ಓಟದಿಂದ ನಾವೇ ಗೆದ್ದೆವು ಎಂದ. ಮಸ್ಕಿಯವರು ಒಪ್ಪಲಿಲ್ಲ. ಚಾಚಾ ನೀರಿನ ನೆವದಲ್ಲಿ ಬಾಗಿಲಿಗೆ ಬಂದರು. “ಎರಡೂ ಕಡೆ ಎಪ್ಪತ್ತೊಂದ್ರಿ” ಎಂದೆ.

ಹೋಗಿ ಹೇಳಿದರು: “ಬರಾಬರಿ ಆಗೇತ್ರಿ ಹುಜೂರ್.”

“ನಿನಗ ಅಕ್ಷರ ಬರೂದಿಲ್ಲ. ಈ ಲೆಕ್ಕ ಯಾರ ಬರ್ದಾರ ಹೇಳಲೇ” ಎಂದು ಸಾಹೇಬರು ಗದರಿದರು.

ನನ್ನ ಹೆಸರು ಬಂದರೆ, ಗಂಡಸರ ಆಟ ನೋಡುತ್ತ ಕೂರುವ ಹೆಂಗಸು ಎಂದು ಊರಾಡಿಕೊಳ್ಳುತ್ತಿತ್ತು. ನಮ್ಮವರ ನೌಕರಿಗೂ ಕುತ್ತು ಬರಬಹುದಿತ್ತು. ಚಾಚಾ ನನ್ನ ಮನೆಯತ್ತ ತಿರುಗಿಯೂ ನೋಡಲಿಲ್ಲ.

“ಯಾರೂ ಬರ್ದಿಲ್ರಿ. ನಾನ ಎಣಿಸೀನಿ.”

ನೌಕರರ ಓಟಕ್ಕೆಂದು ಕಿಸೆಗೆ ಹಾಕಿದ್ದ ಬೀಜಗಳನ್ನು ನೆಲಕ್ಕೆ ಸುರಿದು ಎಣಿಸಿದರು. ಅರವತ್ತೆಂಟೇ ಇದ್ದವು. ಜನ ನಕ್ಕರು. ಸಾಹೇಬರು “ಝೂಠಾ, ಸುಳ್ಳುಗಾರ” ಎಂದರು. ಮೂವತ್ತು ವರ್ಷ ಚಾಚಾರ ತೀರ್ಪಿಗೆ ಎದುರು ಹೇಳದಿದ್ದ ಬಯಲು ಅದು. ಪಾಟಿ ನನ್ನ ಕೈಯಲ್ಲೇ ಇತ್ತು. ನಾನು ಕಿಟಕಿ ಮುಚ್ಚಿಕೊಂಡೆ.

ವಾರದೊಳಗೆ ಚಾಚಾರನ್ನು ಕೆಲಸದಿಂದ ತೆಗೆದರು. ಪಾಮನಕಲ್ಲೂರಿನ ತಂಗಿಯ ಮನೆಗೆ ಹೊರಟವರು ಹಿತ್ತಿಲಿಗೆ ಬಂದರು. ನಾನು ಅಳುತ್ತಿದ್ದೆ.

“ಅಳಬ್ಯಾಡ ಬೇಟಿ. ನೀ ಬರ್ದದ್ದು ಖರೇ ಇತ್ತು, ನನಗ ಗೊತ್ತೈತಿ.” ಅಷ್ಟು ಹೇಳಿ ಬೇವಿನ ಮರಗಳ ಆಚೆ ನಡೆದುಹೋದರು. ಆಮೇಲೆ ಆ ಬಯಲಲ್ಲಿ ಚಾಪೆ ಹಾಸುವವರಿಲ್ಲದೆ ಜಾಲಿ ಬೆಳೆಯಿತು.

ಎರಡು ವರ್ಷಕ್ಕೆ ಪಾಮನಕಲ್ಲೂರಿನವನೊಬ್ಬ ಟಪಾಲು ಮಾಸ್ತರರ ಮನೆಯೆಂದು ಕಾರ್ಡು ಬರೆಸಲು ಬಂದ. “ನಮ್ಮ ಮಾಮು ತೀರ್ಕೊಂಡಾರ್ರಿ. ಮೊದಲ ಇಲ್ಲೇ ಬಯಲ ಕಾಯ್ತಿದ್ರು.” ಪರ ಊರಿನ ನೆಂಟರಿಗೆ ಕನ್ನಡದಲ್ಲಿ ಸುದ್ದಿ ಬರೆದುಕೊಟ್ಟೆ.

ಅಂದು ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ತಾಟು ಪಕ್ಕಕ್ಕೆ ಸರಿಸಿದರು. ಆಮೇಲೆ, “ಆವತ್ತ ಯಾಕ ಹೇಳಲಿಲ್ಲ? ನಾ ಹೋಗಿ ಸಾಹೇಬ್ರ ಮುಂದ ನಿಂದರ್ತಿದ್ದೆ” ಎಂದರು.

ಅವರು ನಿಲ್ಲುತ್ತಿದ್ದರೋ ಇಲ್ಲವೋ, ಹೇಗೆ ಹೇಳಲಿ. ನಾನಂತೂ ನಿಲ್ಲಲಿಲ್ಲ.